ಬೇಗ ಬಾಳಿ ಒಟ್ಟಿಗೆ ಸಾಯುವ ಮರಗಳು: ಸ್ಕಲೇಸಿಯ ಕುರಿತ ಚರ್ಚೆಗಳ ಸಮೀಕ್ಷೆ

ಗಲಾಪಗೋಸ್ ದ್ವೀಪಸಮೂಹವೆಂದರೆ ಸಾಮಾನ್ಯ ಓದುಗರಿಗೆ ದೈತ್ಯ ಆಮೆಗಳೂ ಡಾರ್ವಿನ್ನನ ಫಿಂಚ್ ಹಕ್ಕಿಗಳೂ ನೆನಪಾಗುತ್ತವೆ. ಈಕ್ವೆಡಾರ್ ದೇಶಕ್ಕೆ ಸೇರಿದ, ಅದರ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ ಶಾಂತಸಾಗರದ ನಡುವೆ ಜ್ವಾಲಾಮುಖಿಗಳಿಂದ ಎದ್ದುನಿಂತ ಈ ದ್ವೀಪಗಳಲ್ಲಿ, ಜೀವವಿಕಾಸದ ವಿಚಾರದಲ್ಲಿ ಆ ಹಕ್ಕಿಗಳಷ್ಟೇ ಮಹತ್ವದ ಸಾಕ್ಷ್ಯ ನೀಡುವ ಒಂದು ಸಸ್ಯಸಮುದಾಯವೂ ಇದೆ. ಅದರ ಹೆಸರು ಸ್ಕಲೇಸಿಯ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು ಮೊದಲಾದವು ಸೇರಿರುವ ಆಸ್ಟರೇಸಿ ಕುಟುಂಬದಲ್ಲಿ ಇದು ಒಂದು ಜಾತಿ, ಎಂದರೆ ಹತ್ತಿರದ ವಂಶಸಂಬಂಧವುಳ್ಳ ಪ್ರಭೇದಗಳ ಒಂದು ಗುಂಪು. ಸದ್ಯ ಒಪ್ಪಿತವಾಗಿರುವ ಎಣಿಕೆಯಂತೆ ಇದರಲ್ಲಿ 15 ಪ್ರಭೇದಗಳಿದ್ದು, ಒಂದಾದರೂ ಗಲಾಪಗೋಸ್‌ನ ಹೊರಗೆ ತಾನಾಗಿ ಬೆಳೆಯುವುದಿಲ್ಲ.

ಈ ಜಾತಿಯನ್ನು ಕುರಿತು ಎರಡು ಚರ್ಚೆಗಳು ಬಹುಕಾಲದಿಂದ ನಡೆದುಬಂದಿವೆ. ಒಂದು, ಭೂಖಂಡದಿಂದ ಹೇಗೋ ಬಂದು ಬಿದ್ದ ಒಂದು ಗಿಡದ ಸಂತತಿ ಇಷ್ಟು ಅಲ್ಪಕಾಲದಲ್ಲಿ ಇಷ್ಟೊಂದು ರೂಪಗಳಾಗಿ ಒಡೆದದ್ದು ಹೇಗೆ ಎಂಬುದು. ಇನ್ನೊಂದು, ಈ ಜಾತಿಯ ಮರಗಳಿಂದಾದ ಕಾಡು ಆಗಾಗ ಇಡಿಯಾಗಿ ಸತ್ತುಬೀಳುವುದೇಕೆ, ಮತ್ತು ಹಾಗೆ ಸತ್ತ ಕಾಡು ಮರಳಿ ಹುಟ್ಟುತ್ತದೆಯೇ ಎಂಬುದು. ಮೊದಲನೆಯದನ್ನು ವಿಕಾಸವಿಜ್ಞಾನಿಗಳು, ಎರಡನೆಯದನ್ನು ಪರಿಸರವಿಜ್ಞಾನಿಗಳು ಬೇರೆಬೇರೆಯಾಗಿಯೇ ಚರ್ಚಿಸುತ್ತ ಬಂದಿದ್ದಾರೆ. ಆದರೆ ಎರಡೂ ಪ್ರಶ್ನೆಗಳ ಬುಡದಲ್ಲಿರುವುದು ಈ ಗಿಡಗಳ ಒಂದೇ ಗುಣ: ಬಯಲಾದ ನೆಲವನ್ನು ಬೇಗ ಹಿಡಿದು, ಬೇಗ ಬೆಳೆದು, ಬೇಗ ಹೂತು, ಬೇಗ ಮುಗಿಯುವ ಬಾಳು. ಈ ಸಮೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಲಾಗಿದೆ.

ಗಿಡ ಮತ್ತು ನೆಲೆ

ಹದಿನೈದು ಪ್ರಭೇದಗಳಲ್ಲಿ ಹೆಚ್ಚಿನವು ಕರಾವಳಿಗೆ ಹತ್ತಿರದ ಒಣನೆಲದಲ್ಲಿ, ಲಾವಾ ಬಂಡೆಗಳ ಸಂದಿಯಲ್ಲಿ ಬೇರುಬಿಡುವ ಪೊದೆಗಳು. ಮೂರು ಮಾತ್ರ ಮರಗಳು: ಸಾಂತಾ ಕ್ರೂಜ್, ಸಾಂಟಿಯಾಗೊ, ಸಾನ್ ಕ್ರಿಸ್ಟೋಬಲ್ ಮತ್ತು ಫ್ಲೋರಿಯಾನ ದ್ವೀಪಗಳ ಪೆಡಂಕುಲಾಟ, ದಕ್ಷಿಣ ಇಸಾಬೆಲಾದ ಕಾರ್ಡಾಟ, ಉತ್ತರ ಇಸಾಬೆಲಾ ಮತ್ತು ಫರ್ನಾಂಡಿನಾ ದ್ವೀಪಗಳ ಮೈಕ್ರೊಸೆಫಾಲ. ಪೆಡಂಕುಲಾಟ ಹದಿನೈದು ಮೀಟರಿನಷ್ಟು ಎತ್ತರಕ್ಕೆ ಹೋಗುತ್ತದೆ. ಅದರ ತುದಿ ಕೊಡೆಯಂತೆ ಹರಡಿಕೊಂಡು, ಕೊಂಬೆಗಳೆಲ್ಲ ಹಾವಸೆ, ಜರೀಗಿಡ ಮತ್ತು ಆರ್ಕಿಡ್‌ಗಳಿಂದ ತುಂಬಿರುತ್ತವೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿದರೆ ಕುಟುಂಬದ ಗುರುತು ತಪ್ಪುವುದಿಲ್ಲ: ಒಂದು ಹೂವೆಂದು ಕಾಣುವುದು ನಿಜಕ್ಕೂ ಒಂದೇ ತಟ್ಟೆಯ ಮೇಲೆ ಒತ್ತಾಗಿ ನಿಂತ ಹಲವಾರು ಬಿಳಿ ಕಿರುಹೂಗಳ ಗುಂಪು. ಸೂರ್ಯಕಾಂತಿಯಲ್ಲಿ ದಳಗಳಂತೆ ಕಾಣುವ ಅಂಚಿನ ಕಿರುಹೂಗಳು ಪೆಡಂಕುಲಾಟದಲ್ಲಿ ಇಲ್ಲವಾಗಿವೆ. ಅಫಿನಿಸ್‌ನಂಥ ಕೆಲವು ಪೊದೆಗಳಲ್ಲಿ ಅವು ಉಳಿದಿವೆ. ಗಲಾಪಗೋಸ್‌ನ ಮೂಲನಿವಾಸಿ ಜೇನುಕುಲದ ಒಂದೇ ಒಂದು ಕೀಟವಾದ, ಡಾರ್ವಿನ್ನನ ಹೆಸರು ಹೊತ್ತ ಬಡಗಿ ದುಂಬಿ ಈ ಹೂಗಳಿಗೆ ಬರುವ ಮುಖ್ಯ ಅತಿಥಿಗಳಲ್ಲೊಂದು.

ಎಲೆಗಳಲ್ಲಿ ಕಾಣುವ ವೈವಿಧ್ಯ ಇನ್ನೂ ಹೆಚ್ಚಿನದು. ಮಂಜಿನ ನೆತ್ತಿಯ ಮರಗಳಿಗೆ ಅಗಲವಾದ ದೊಡ್ಡ ಎಲೆಗಳಿದ್ದರೆ, ಸಾಂಟಿಯಾಗೊ ದ್ವೀಪದ ಸ್ಟೀವಾರ್ಟಿಯ ಎಲೆ ಕಿರಿದಾದ ಪಟ್ಟಿಯಂತಿದೆ. ಫ್ಲೋರಿಯಾನದ ವಿಲ್ಲೋಸದ ಎಲೆ ಉದ್ದವಾದ ರೋಮಗಳಿಂದ ಮುಚ್ಚಿ ಬೂದುಬಣ್ಣಕ್ಕೆ ತಿರುಗಿದೆ. ಸಾಂತಾ ಫೆ ದ್ವೀಪದ ಹೆಲ್ಲೆರಿಯದು ಆಳವಾಗಿ ಸೀಳಿಕೊಂಡು ಗರಿಯಂತಾಗಿದೆ. ಹೂವಿಲ್ಲದ ಕಾಲದಲ್ಲಿ ಇವನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯವೆಂದು ನಂಬುವುದು ಕಷ್ಟ.

ದ್ವೀಪಗಳ ಹವಾಮಾನವನ್ನು ಅರಿಯದೆ ಈ ವೈವಿಧ್ಯ ಅರ್ಥವಾಗದು. ಸಮಭಾಜಕ ರೇಖೆಯ ಮೇಲಿದ್ದರೂ ತಣ್ಣನೆಯ ಸಾಗರಪ್ರವಾಹಗಳಿಂದಾಗಿ ಗಲಾಪಗೋಸ್‌ನ ಕೆಳನೆಲ ಬಹುತೇಕ ಮರುಭೂಮಿಯಂತಿದ್ದು, ಕಳ್ಳಿಗಿಡಗಳು ಮತ್ತು ಎಲೆಯುದುರುವ ಮರಗಳಷ್ಟೇ ಅಲ್ಲಿ ಬಾಳುತ್ತವೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಬೀಸುವ ತಂಪು ಗಾಳಿ ತರುವ, ಸ್ಥಳೀಯರು ಗರುವಾ ಎನ್ನುವ ಹನಿಮಂಜು ದ್ವೀಪಗಳ ದಕ್ಷಿಣ ಮಗ್ಗುಲಿನ ಎತ್ತರದ ಇಳಿಜಾರುಗಳನ್ನು ಮಾತ್ರ ತೋಯಿಸುತ್ತದೆ. ಸಾಂತಾ ಕ್ರೂಜ್‌ನಲ್ಲಿ ಸುಮಾರು 200 ಮೀಟರ್ ಎತ್ತರದಿಂದ ಮೇಲಕ್ಕೆ ಹಬ್ಬಿದ್ದ ಈ ತೇವದ ಪಟ್ಟಿಯನ್ನು ಸಸ್ಯವಿಜ್ಞಾನಿಗಳು ಸ್ಕಲೇಸಿಯ ವಲಯವೆಂದೇ ಕರೆದಿದ್ದಾರೆ. ಕೆಲವೇ ಕಿಲೋಮೀಟರುಗಳ ಏರಿನಲ್ಲಿ ಕಳ್ಳಿಕಾಡಿನಿಂದ ಮೋಡಕಾಡಿಗೆ ಹೋಗುವ ಈ ಭೂಮಿಯಲ್ಲಿ, ಒಂದೇ ಜಾತಿ ಎರಡೂ ತುದಿಗಳನ್ನು ಹಿಡಿದುಕೊಂಡಿದೆ.

ಹೆಸರು, ಎಣಿಕೆ ಮತ್ತು ಡಾರ್ವಿನ್

ಈ ಜಾತಿಗೆ ಹೆಸರಿಟ್ಟವರು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಅರ್ನಾಟ್, 1836ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1835ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಬೀಗಲ್ ಹಡಗಿನಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ ನಾಲ್ಕು ದ್ವೀಪಗಳಲ್ಲಿ ಇಳಿದು ಗಿಡಗಳನ್ನು ಸಂಗ್ರಹಿಸಿದ್ದರು. ಹಕ್ಕಿಗಳನ್ನು ಹಿಡಿದಾಗ ಯಾವುದು ಯಾವ ದ್ವೀಪದ್ದೆಂದು ಬರೆದಿಡುವುದರಲ್ಲಿ ಡಾರ್ವಿನ್ ಅಷ್ಟೇನೂ ಎಚ್ಚರ ವಹಿಸಿರಲಿಲ್ಲ. ಗಿಡಗಳ ವಿಷಯದಲ್ಲಿ ಆ ಎಚ್ಚರವಿತ್ತು. ಲಂಡನ್ನಿನಲ್ಲಿ ಆ ಸಂಗ್ರಹವನ್ನು ಪರಿಶೀಲಿಸಿದ ಜೋಸೆಫ್ ಹೂಕರ್ ಅವರಿಗೆ, ದ್ವೀಪದಿಂದ ದ್ವೀಪಕ್ಕೆ ಬೇರೆಯಾಗುವ ಪ್ರಭೇದಗಳ ಚಿತ್ರ ಸ್ಪಷ್ಟವಾಗಿ ಸಿಕ್ಕಿದ್ದು ಆ ಎಚ್ಚರದಿಂದಲೇ. 1845ರಲ್ಲಿ ಹೊರಬಂದ ತಮ್ಮ ಪ್ರವಾಸಗ್ರಂಥದ ಎರಡನೆಯ ಆವೃತ್ತಿಯಲ್ಲಿ ಡಾರ್ವಿನ್ ಸ್ಕಲೇಸಿಯವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಅದರ ಆರು ಪ್ರಭೇದಗಳಲ್ಲಿ ಯಾವುದೊಂದೂ ಎರಡು ದ್ವೀಪಗಳಲ್ಲಿ ಬೆಳೆಯುವುದಿಲ್ಲವೆಂದು ಬರೆದರು. ಇಂದಿನ ತಿಳಿವಳಿಕೆಯಲ್ಲಿ ಆ ಮಾತು ಅಕ್ಷರಶಃ ನಿಲ್ಲುವುದಿಲ್ಲ, ಏಕೆಂದರೆ ಹಲವು ದ್ವೀಪಗಳಲ್ಲಿ ಹರಡಿರುವ ಪ್ರಭೇದಗಳೂ, ಒಂದೇ ದ್ವೀಪದಲ್ಲಿ ಒಟ್ಟಿಗಿರುವ ಹಲವು ಪ್ರಭೇದಗಳೂ ಕಂಡುಬಂದಿವೆ. ಆದರೂ ಫಿಂಚ್‌ಗಳಿಗೆ ಸಂದ ಪ್ರಸಿದ್ಧಿಯಲ್ಲಿ ಒಂದು ಪಾಲು ನ್ಯಾಯವಾಗಿ ಈ ಗಿಡಗಳಿಗೆ ಸಲ್ಲಬೇಕಿತ್ತು.

ಮುಂದಿನ ನೂರು ವರ್ಷಗಳ ಕೆಲಸವೆಲ್ಲ ಬಹುಮಟ್ಟಿಗೆ ಎಣಿಕೆಯದು. 1905–06ರ ಕ್ಯಾಲಿಫೋರ್ನಿಯಾ ಅಕಾಡೆಮಿಯ ಯಾತ್ರೆಯಲ್ಲಿ ಆಲ್ಬನ್ ಸ್ಟೀವರ್ಟ್ ಮಾಡಿದ ವಿಸ್ತಾರವಾದ ಸಂಗ್ರಹ, 1941ರಲ್ಲಿ ಜಾನ್ ಥಾಮಸ್ ಹೋವೆಲ್ ಬರೆದ ಜಾತಿಪರಿಶೀಲನೆ, 1974ರಲ್ಲಿ ಸ್ವೀಡನ್ನಿನ ಊನೊ ಎಲಿಯಾಸನ್ ಪ್ರಕಟಿಸಿದ ಸಮಗ್ರ ಅಧ್ಯಯನ, ಇವು ಆ ದಾರಿಯ ಮೈಲಿಗಲ್ಲುಗಳು. ಎಲೆಯ ಅಂಚಿನ ಸೀಳು, ರೋಮ, ಹೂತಟ್ಟೆಯ ಗಾತ್ರ ಇವುಗಳ ಮೇಲೆ ನಿಂತ ಎಲಿಯಾಸನ್ ಅವರ ವರ್ಗೀಕರಣವೇ ಇಂದಿಗೂ ಬಳಕೆಯಲ್ಲಿದೆ. ಆದರೆ ಆ ಲಕ್ಷಣಗಳು ವಂಶದ ಗುರುತುಗಳೋ, ಅಥವಾ ಒಂದೇ ಬಗೆಯ ಹವೆಯಲ್ಲಿ ಮತ್ತೆಮತ್ತೆ ಮೂಡುವ ಹೊಂದಾಣಿಕೆಗಳೋ ಎಂಬ ಅನುಮಾನಕ್ಕೆ ವಂಶವಾಹಿಗಳನ್ನು ಓದುವ ವಿಧಾನಗಳು ಬಂದ ಮೇಲಷ್ಟೇ ಉತ್ತರ ಹುಡುಕಲು ಸಾಧ್ಯವಾಯಿತು.

ಎಲ್ಲಿಂದ ಬಂತು, ಎಂದು ಬಂತು

ತವರಿನ ಬಗ್ಗೆ ಈಗ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 1994ರಲ್ಲಿ ಎಡ್ವರ್ಡ್ ಶಿಲ್ಲಿಂಗ್, ಹೋಸೆ ಪನೆರೊ ಮತ್ತು ಎಲಿಯಾಸನ್ ಅವರು, ಹಸುರೆಲೆಯ ಕಣಗಳಲ್ಲಿರುವ ಪ್ರತ್ಯೇಕ ಡಿಎನ್‌ಎಯನ್ನು ಹೋಲಿಸಿ, ಪೆರು, ಈಕ್ವೆಡಾರ್ ಮತ್ತು ಕೊಲಂಬಿಯಾದ ಆಂಡೀಸ್ ಬೆಟ್ಟಗಳಲ್ಲಿ ಬೆಳೆಯುವ ಪಪ್ಪೊಬೋಲಸ್ ಎಂಬ ಪೊದೆಜಾತಿಯೇ ಸ್ಕಲೇಸಿಯದ ಅತಿ ಹತ್ತಿರದ ನೆಂಟನೆಂದು ತೋರಿಸಿದರು. ಎರಡೂ ಕವಲುಗಳು ಬೇರೆಯಾದದ್ದು 19 ಲಕ್ಷದಿಂದ 62 ಲಕ್ಷ ವರ್ಷಗಳ ಹಿಂದೆ ಎಂಬುದು ಅವರ ಅಂದಾಜಾಗಿತ್ತು. ಆದರೆ 2020ರಲ್ಲಿ ಮಾರಿಯೊ ಫರ್ನಾಂಡೆಸ್-ಮಸುಯೆಕೋಸ್ ಮತ್ತು ಸಂಗಡಿಗರು ಎಲ್ಲ ಪ್ರಭೇದಗಳ ವಂಶವಾಹಿಗಳನ್ನು ಸಾವಿರಾರು ಬಿಂದುಗಳಲ್ಲಿ ಹೋಲಿಸಿದಾಗ, ಇಂದು ಬದುಕಿರುವ ಸ್ಕಲೇಸಿಯಗಳೆಲ್ಲವೂ ಹತ್ತು ಲಕ್ಷ ವರ್ಷಗಳಿಗಿಂತ ಈಚಿನ ಒಂದೇ ಪೂರ್ವಜನಿಂದ ಕವಲೊಡೆದವೆಂದು ಕಂಡಿತು.

ಈ ಎರಡು ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ; ಮೊದಲನೆಯದು ಈ ಜಾತಿ ತವರಿನಿಂದ ಬೇರ್ಪಟ್ಟ ಕಾಲ, ಎರಡನೆಯದು ಈಗಿರುವ ಸದಸ್ಯರು ತಮ್ಮತಮ್ಮಲ್ಲಿ ಪಾಲಾದ ಕಾಲ. ನಡುವಿನ ದೀರ್ಘ ಅಂತರದಲ್ಲಿ ಏನಾಯಿತೆಂಬುದೇ ಜಟಿಲವಾದ ಪ್ರಶ್ನೆ. ಪೂರ್ವಜ ಗಿಡ ಬಹಳ ಹಿಂದೆಯೇ ದ್ವೀಪಗಳಿಗೆ ಬಂದು, ಅದರ ಮೊದಲ ಕವಲುಗಳು ಅಳಿದಿರಬಹುದು ಎಂಬುದು ಒಂದು ಪಕ್ಷ. ಗಲಾಪಗೋಸ್‌ನ ಭೂವಿಜ್ಞಾನ ಈ ಪಕ್ಷಕ್ಕೆ ಬೆಂಬಲವಾಗಿದೆ: ಭೂಮಿಯೊಳಗಿನ ಬಿಸಿ ಉಕ್ಕುವ ತಾಣ ಪಶ್ಚಿಮದಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ಇದ್ದು, ಅದರ ಮೇಲೆ ಹುಟ್ಟಿದ ದ್ವೀಪಗಳು ಸಾಗರತಳದೊಂದಿಗೆ ಪೂರ್ವಕ್ಕೆ ಸರಿಯುತ್ತ, ತಣ್ಣಗಾಗುತ್ತ, ಕೊನೆಗೆ ಮುಳುಗುತ್ತವೆ. ಈಗ ನೀರಿನ ಮೇಲಿರುವ ಪೂರ್ವದ ದ್ವೀಪಗಳ ವಯಸ್ಸು ಮೂವತ್ತು ನಲವತ್ತು ಲಕ್ಷ ವರ್ಷಗಳ ಆಸುಪಾಸಿನಲ್ಲಿದೆ. ಆದರೆ 1992ರಲ್ಲಿ ಡೇವಿಡ್ ಕ್ರಿಸ್ಟಿ ಮತ್ತು ಸಂಗಡಿಗರು, ಇನ್ನೂ ಪೂರ್ವಕ್ಕಿರುವ ಮುಳುಗಿದ ಬೆಟ್ಟಗಳಿಂದ ಅಲೆಗಳು ಉರುಟಾಗಿಸಿದ ಕಲ್ಲುಗಳನ್ನು ಮೇಲೆತ್ತಿ, ಅವು ಒಂದು ಕಾಲದಲ್ಲಿ ದ್ವೀಪಗಳೇ ಆಗಿದ್ದವೆಂದು ತೋರಿಸಿದ್ದಾರೆ. ಹಾಗಿದ್ದರೆ ಸ್ಕಲೇಸಿಯದ ಹಳೆಯ ನೆಲೆಗಳೆಲ್ಲ ಸಮುದ್ರದ ಪಾಲಾಗಿರಬಹುದು. ಇನ್ನೊಂದು ಪಕ್ಷದಂತೆ ವಲಸೆ ನಡೆದದ್ದೇ ಈಚೆಗೆ. ಸ್ಕಲೇಸಿಯದ ನಿಜವಾದ ಭೂಖಂಡದ ಸೋದರ ಪ್ರಭೇದ ಆಂಡೀಸ್‌ನಲ್ಲಿ ನಾಮಾವಶೇಷವಾಗಿದೆ, ಅಥವಾ ಇನ್ನೂ ಹೋಲಿಕೆಗೆ ಒಳಪಟ್ಟಿಲ್ಲ.

ಬಂದ ಬಗೆ ಇನ್ನಷ್ಟು ಕಗ್ಗಂಟು. ಸ್ಕಲೇಸಿಯದ ಬೀಜದಂಥ ಕಾಯಿಗೆ, ಅದೇ ಕುಟುಂಬದ ಎಷ್ಟೋ ಕಳೆಗಿಡಗಳಲ್ಲಿರುವಂತೆ ಗಾಳಿಯಲ್ಲಿ ತೇಲಿಸುವ ತುಪ್ಪಳದ ಕುಚ್ಚು ಇಲ್ಲ. ದ್ವೀಪಗಳಿಗೆ ಬಂದ ಗಿಡಗಳು ಹರಡುವ ಶಕ್ತಿಯನ್ನು ಕಾಲಕ್ರಮೇಣ ಕಳೆದುಕೊಳ್ಳುತ್ತವೆಂದು ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ವಾದಿಸಿದ್ದರು. ಇಲ್ಲಿ ಅದು ಒಪ್ಪುವ ಮಾತೇ ಆದರೂ, ಅಂಥ ಕಾಯಿ ಹೊತ್ತುಕೊಂಡೇ ಈ ಜಾತಿ ಹೆಚ್ಚಿನ ಮುಖ್ಯ ದ್ವೀಪಗಳನ್ನು ಹತ್ತು ಲಕ್ಷ ವರ್ಷಗಳೊಳಗೆ ತಲುಪಿದೆ. ಹಕ್ಕಿಗಳ ಕಾಲಿನ ಕೆಸರು, ಬಿರುಮಳೆಯಲ್ಲಿ ಕೊಚ್ಚಿಹೋದ ಕೊಂಬೆಗಳು, ಎರಡೂ ಸಾಧ್ಯವೆಂದಷ್ಟೇ ಹೇಳಬಹುದು.

ಒಂದು ಹದಿನೈದಾದದ್ದು: ನಾಲ್ಕು ವಿವರಣೆಗಳು

ಒಂದೇ ಮೂಲದ ಸಂತತಿ ಬೇರೆಬೇರೆ ಪರಿಸರಗಳಿಗೆ ಒಗ್ಗಿಕೊಳ್ಳುತ್ತ ಬೇರೆಬೇರೆ ಪ್ರಭೇದಗಳಾಗಿ ಒಡೆಯುವುದನ್ನು ಹೊಂದಾಣಿಕೆಯ ಕವಲೊಡೆತವೆನ್ನಬಹುದು. 1947ರಲ್ಲಿ ಡೇವಿಡ್ ಲ್ಯಾಕ್ ಫಿಂಚ್‌ಗಳನ್ನು ಕುರಿತು ಬರೆದ ಪುಸ್ತಕದ ನಂತರ ಈ ಕಲ್ಪನೆಯೇ ಗಲಾಪಗೋಸ್ ಅಧ್ಯಯನದ ಮುಖ್ಯ ಮಾದರಿಯಾಯಿತು, ಸ್ಕಲೇಸಿಯಕ್ಕೂ ಅದನ್ನೇ ಅನ್ವಯಿಸಲಾಯಿತು. ಒಣನೆಲದಲ್ಲಿ ಸಣ್ಣ, ಸೀಳಿದ, ರೋಮಭರಿತ ಎಲೆ, ತೇವದ ನೆಲದಲ್ಲಿ ಅಗಲವಾದ ಎಲೆ ಮತ್ತು ಎತ್ತರದ ಕಾಂಡ ಇರುವುದು ಈ ಪಂಥದ ಮುಖ್ಯ ಆಧಾರ. ಸೀಳಿದ ಎಲೆ ಬಿಸಿಲಿನ ತಾಪವನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತದೆ, ರೋಮ ನೀರಿನ ನಷ್ಟವನ್ನು ತಗ್ಗಿಸುತ್ತದೆ ಎಂಬುದು ಸಸ್ಯಶರೀರಶಾಸ್ತ್ರ ಒಪ್ಪಿದ ಮಾತು. ಅದಕ್ಕಿಂತ ಬಲವಾದ ಸಾಕ್ಷ್ಯ ಸಿಕ್ಕಿದ್ದು 2020ರ ವಂಶವೃಕ್ಷದಿಂದ: ಸೀಳಿದ ಎಲೆಯ ಪ್ರಭೇದಗಳು ಒಂದೇ ಕವಲಿನಲ್ಲಿ ಒಟ್ಟಾಗಿಲ್ಲ, ಅದೇ ರೂಪ ಬೇರೆಬೇರೆ ಕಡೆ ಪ್ರತ್ಯೇಕವಾಗಿ ಮೂಡಿದೆ. ಒಂದೇ ಪರಿಹಾರ ಹಲವು ಸಲ ಮೂಡಿದೆಯೆಂದರೆ ಅದರ ಹಿಂದೆ ನಿಸರ್ಗದ ಆಯ್ಕೆಯಿದೆಯೆಂದು ತರ್ಕಿಸಲು ಅವಕಾಶವಿದೆ.

ಎರಡನೆಯ ಪಂಥ ದೂರವನ್ನೇ ಮುಖ್ಯ ಕಾರಣವೆನ್ನುತ್ತದೆ. ಡಾರ್ವಿನ್ 1845ರಲ್ಲಿ ಸೂಚಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಕಡಲು ದಾಟುವುದು ಅಪರೂಪವಾದ್ದರಿಂದ ಪ್ರತಿ ದ್ವೀಪದ ಗಿಡಗಳೂ ತಮ್ಮಷ್ಟಕ್ಕೆ ಬದಲಾಗುತ್ತ ಹೋಗುತ್ತವೆ; ಹಳೆಯ ದ್ವೀಪದಿಂದ ಹೊಸದಾಗಿ ಎದ್ದ ದ್ವೀಪಕ್ಕೆ ಹಂತಹಂತವಾಗಿ ವಲಸೆ ನಡೆಯುತ್ತದೆ. ಸ್ಕಲೇಸಿಯದ ವಂಶವೃಕ್ಷದ ಸ್ಥೂಲ ವಿನ್ಯಾಸ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದ ಇಂಥ ಕ್ರಮವನ್ನು ಹೋಲುತ್ತದೆ. ಆದರೆ ಸಾಂತಾ ಕ್ರೂಜ್, ಸಾನ್ ಕ್ರಿಸ್ಟೋಬಲ್‌ನಂಥ ಒಂದೊಂದೇ ದ್ವೀಪದಲ್ಲಿ ಹಲವು ಪ್ರಭೇದಗಳು ಕೂಡಿ ಬಾಳುತ್ತಿರುವುದನ್ನು ಬರಿಯ ದೂರದಿಂದ ವಿವರಿಸಲಾಗದು.

ಮೂರನೆಯದು ಸಮುದ್ರಮಟ್ಟದ ಏರಿಳಿತವನ್ನು ನೆಚ್ಚಿದ ವಿವರಣೆ. ಹಿಮಯುಗಗಳಲ್ಲಿ ಕಡಲು ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ಇಂದಿನ ಕೆಲವು ದ್ವೀಪಗಳು ಒಂದಕ್ಕೊಂದು ಕೂಡಿಕೊಂಡು, ನಡುವೆ ಇನ್ನಷ್ಟು ಸಣ್ಣ ದ್ವೀಪಗಳು ತಲೆಯೆತ್ತಿದ್ದವು. ಬಿಸಿ ಕಾಲದಲ್ಲಿ ಮತ್ತೆ ಬೇರಾದವು. ಕಳೆದ ಹತ್ತು ಲಕ್ಷ ವರ್ಷಗಳಲ್ಲಿ ಹಲವು ಸಲ ನಡೆದ ಈ ಕೂಡಿಕೆ ಮತ್ತು ಅಗಲಿಕೆ ಪ್ರಭೇದಗಳನ್ನು ಹುಟ್ಟಿಸುವ ಪಂಪಿನಂತೆ ಕೆಲಸ ಮಾಡಿರಬಹುದೆಂಬ ಊಹೆ ಆಕರ್ಷಕವಾಗಿದೆ, ಸ್ಕಲೇಸಿಯದ ಕಾಲಮಾನಕ್ಕೂ ಹೊಂದುತ್ತದೆ. ಆದರೆ ಅದು ಕೆಳನೆಲದ ಪೊದೆಗಳಿಗಷ್ಟೇ ಸರಿಹೊಂದುತ್ತದೆ. ಎತ್ತರದ ಇಳಿಜಾರಿನ ಮರಗಳಿಗೆ ಕಡಲು ತಗ್ಗಿದರೂ ನೆತ್ತಿಗಳು ದೂರವೇ ಉಳಿದವು.

ನಾಲ್ಕನೆಯ ವಿವರಣೆ ಗಿಡದ ಒಳಗಿನದು. 1960ರ ದಶಕದಲ್ಲಿ ಜಪಾನಿನ ಮಿಕಿಯೊ ಓನೊ ಅವರು ಸ್ಕಲೇಸಿಯದ ಕೋಶಗಳಲ್ಲಿ ವರ್ಣತಂತುಗಳ, ಎಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, 34 ಜೋಡಿಗಳನ್ನು ಎಣಿಸಿದರು. ಆಂಡೀಸ್‌ನ ನೆಂಟರಲ್ಲಿ ಇರುವುದು 17 ಜೋಡಿ. ಹಿಂದೊಮ್ಮೆ ಇಡೀ ವಂಶವಾಹಿ ಸಂಪುಟ ಇಮ್ಮಡಿಯಾಗಿದೆ ಎಂಬುದಕ್ಕೆ ಇದು ಗುರುತು. 2022ರಲ್ಲಿ ಜೋಸೆ ಸೆರ್ಕಾ ಮತ್ತು ಸಂಗಡಿಗರು ಅಟ್ರಾಕ್ಟಿಲಾಯ್ಡಿಸ್ ಎಂಬ ಪ್ರಭೇದದ ಜೀನೋಮನ್ನು ಪೂರ್ತಿಯಾಗಿ ಓದಿ, ಆ 34 ಜೋಡಿಗಳನ್ನು ಎರಡು ಬೇರೆಬೇರೆ ಪೂರ್ವಜರಿಂದ ಬಂದ ಎರಡು ಗುಂಪುಗಳಾಗಿ ಬಿಡಿಸಿಟ್ಟರು. ಇಂಥ ಇಮ್ಮಡಿಕೆಯಲ್ಲಿ ಸಾಮಾನ್ಯವಾಗಿ ಒಂದು ಗುಂಪು ಮೇಲುಗೈ ಪಡೆದು ಇನ್ನೊಂದು ಸವೆದುಹೋಗುವುದುಂಟು. ಇಲ್ಲಿ ಎರಡೂ ಸಮಸಮವಾಗಿ ಉಳಿದಿವೆ. ಒಂದೊಂದು ಕೆಲಸಕ್ಕೂ ಎರಡೆರಡು ವಂಶವಾಹಿಗಳಿದ್ದರೆ ಒಂದು ಹಳೆಯ ಕೆಲಸ ನಡೆಸಿಕೊಂಡು ಹೋಗುವಾಗ ಇನ್ನೊಂದು ಬದಲಾಗಲು ಬಿಡುವಿರುತ್ತದೆ. ಸಣ್ಣದೊಂದು ಬೀಜದ ಹಿಡಿಯಲ್ಲಿ ಬಂದ ಸಂತತಿಗೆ ಇಷ್ಟೊಂದು ವೈವಿಧ್ಯದ ಬಂಡವಾಳ ಎಲ್ಲಿಂದ ಬಂತೆಂಬ ಹಳೆಯ ಆಕ್ಷೇಪಕ್ಕೆ ಇದು ಈವರೆಗೆ ಸಿಕ್ಕಿರುವ ಅತ್ಯುತ್ತಮ ಸಮಾಧಾನ. ನೆರೆಹೊರೆಯ ಪ್ರಭೇದಗಳ ನಡುವೆ ಮಧ್ಯಮ ರೂಪದ ಮಿಶ್ರತಳಿಗಳು ಇಂದಿಗೂ ಹುಟ್ಟುತ್ತಿರುವುದು ಈ ಬಂಡವಾಳ ಇನ್ನೂ ಕೈಬದಲಾಗುತ್ತಿದೆ ಎಂಬುದನ್ನು ಸೂಚಿಸುತ್ತದೆ.

ಈ ನಾಲ್ಕೂ ಪಂಥಗಳು ಪರಸ್ಪರ ವೈರಿಗಳಲ್ಲ. ದೂರವು ಬೇರ್ಪಡಿಸಿತು, ಹವೆಯು ರೂಪ ಕೊಟ್ಟಿತು, ಇಮ್ಮಡಿಯಾದ ಜೀನೋಮು ಸಾಮಗ್ರಿ ಒದಗಿಸಿತು ಎಂದರೆ ಹೆಚ್ಚಿನವರು ಒಪ್ಪಿಯಾರು. ಆದರೆ ವೇಗದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹವಾಯಿ ದ್ವೀಪಗಳಲ್ಲಿ ಇದೇ ಕುಟುಂಬದ ಬೆಳ್ಳಿಕತ್ತಿ ಗಿಡಗಳ ಬಳಗ ಸುಮಾರು 50 ಲಕ್ಷ ವರ್ಷಗಳಲ್ಲಿ 30ರಷ್ಟು ಪ್ರಭೇದಗಳಾಗಿದ್ದರೆ, ಸ್ಕಲೇಸಿಯ ಅದರ ಐದರಲ್ಲೊಂದು ಪಾಲಿಗಿಂತ ಕಡಿಮೆ ಕಾಲದಲ್ಲಿ ಅರ್ಧದಷ್ಟನ್ನು ಸಾಧಿಸಿದೆ. ಇಲ್ಲಿ ಗಿಡದ ಆಯುಷ್ಯವನ್ನು ಗಣಿಸಬೇಕಾಗುತ್ತದೆ. ಕೆಲವೇ ವರ್ಷಗಳಲ್ಲಿ ಹೂಬಿಟ್ಟು ಎರಡು ದಶಕಗಳಲ್ಲಿ ಬಾಳು ಮುಗಿಸುವ ಮರಕ್ಕೆ, ಶತಮಾನಗಟ್ಟಲೆ ಬದುಕುವ ಮರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಲೆಮಾರುಗಳು ಅದೇ ಅವಧಿಯಲ್ಲಿ ದಕ್ಕುತ್ತವೆ. ವಿಕಾಸದ ಚರ್ಚೆಯಲ್ಲಿ ಅಡಿಟಿಪ್ಪಣಿಯಷ್ಟೇ ಆಗಿ ಉಳಿದಿರುವ ಈ ಸಂಗತಿ, ಎರಡನೆಯ ಚರ್ಚೆಯಲ್ಲಿ ಇಡೀ ವಾದದ ತಿರುಳಾಗಿದೆ.

ಕಾಡು ಒಟ್ಟಿಗೆ ಸಾಯುವುದು

ಸಾಂತಾ ಕ್ರೂಜ್ ದ್ವೀಪದಲ್ಲಿ, ಬಂದರು ಪಟ್ಟಣವಾದ ಪೋರ್ಟೊ ಅಯೋರಾದಿಂದ ಬಾಲ್ಟ್ರಾ ವಿಮಾನನಿಲ್ದಾಣದ ಕಡೆಗೆ ಹೋಗುವ ರಸ್ತೆಯ ಎರಡೂ ಮಗ್ಗುಲಿಗೆ, ನೆಲ ಕುಸಿದು ಆದ ಎರಡು ಬೃಹತ್ ಕುಳಿಗಳಿವೆ. ಲೋಸ್ ಹೆಮೆಲೋಸ್ ಎಂದು ಕರೆಯುವ ಈ ಕುಳಿಗಳ ಸುತ್ತಣ ಪೆಡಂಕುಲಾಟ ಕಾಡು ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಸ್ಕಲೇಸಿಯ ಕಾಡು. 1982–83ರ ಎಲ್ ನಿನೊ, ಎಂದರೆ ಪೂರ್ವ ಶಾಂತಸಾಗರ ಅಸಹಜವಾಗಿ ಬಿಸಿಯಾಗಿ ಬಿರುಮಳೆ ಸುರಿಸುವ ವಿದ್ಯಮಾನ, ಇಲ್ಲಿನ ಮರಗಳನ್ನು ಸಾಲುಸಾಲಾಗಿ ಕೊಂದಿತು. ಸಾಮಾನ್ಯ ವರ್ಷಗಳಲ್ಲಿ ಕೆಲವು ನೂರು ಮಿಲಿಮೀಟರ್ ಮಳೆಯಾಗುವ ಪೋರ್ಟೊ ಅಯೋರಾದಲ್ಲಿ 1983ರಲ್ಲಿ 2500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆತು, ನೆನೆದ ಹಾವಸೆಯ ಭಾರಕ್ಕೂ ಗಾಳಿಗೂ ಮೆದುವಾದ ಕಾಂಡ ಮುರಿದು, ಕಾಡಿನ ಚಾವಣಿಯೇ ಇಲ್ಲವಾಯಿತು. ಅದರ ಬೆನ್ನಿಗೇ ಬಂದ ಬರಗಾಲ ಉಳಿದವುಗಳಲ್ಲೂ ಹಲವನ್ನು ಒಣಗಿಸಿತು.

ಹೊರಗಿನ ಹೊಡೆತವೇ ಕಾರಣವೆಂಬ ಈ ನೇರ ವಿವರಣೆ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ: ಅದೇ ಮಳೆಯಲ್ಲಿ ಎಳೆಯ ಮರಗಳ ತೋಪುಗಳು ಉಳಿದುಕೊಂಡು ವಯಸ್ಸಾದ ತೋಪುಗಳೇ ಏಕೆ ನೆಲಕಚ್ಚಿದವು? ಹವಾಯಿಯ ಓಹಿಯಾ ಮರಗಳ ಸಾಮೂಹಿಕ ಸಾವನ್ನು ಅಭ್ಯಸಿಸಿದ್ದ ಡೀಟರ್ ಮ್ಯೂಲರ್-ಡೊಂಬೊಯಿಸ್ ಅದಕ್ಕೊಂದು ಸಿದ್ಧಾಂತ ಮುಂದಿಟ್ಟಿದ್ದರು. ಒಂದು ದೊಡ್ಡ ಅವಘಡದ ನಂತರ ಬಯಲಾದ ನೆಲದಲ್ಲಿ ಎಲ್ಲ ಸಸಿಗಳೂ ಒಟ್ಟಿಗೆ ಹುಟ್ಟುವುದರಿಂದ ಅವು ಓರಗೆಯವಾಗಿಯೇ ಬೆಳೆದು, ಒಟ್ಟಿಗೆ ಮುಪ್ಪಾಗಿ, ಚಿಕ್ಕದೊಂದು ನೆಪ ಸಿಕ್ಕಿದರೂ ಒಟ್ಟಿಗೆ ಸಾಯುತ್ತವೆ ಎಂಬುದು ಅದರ ಸಾರ. 1988ರಲ್ಲಿ ಅವರೂ ಜಪಾನಿನ ಸ್ಯುಝೊ ಇತೊ ಅವರೂ ಕೂಡಿ ಪ್ರಕಟಿಸಿದ ಅಧ್ಯಯನ ಮತ್ತು ಅದೇ ವರ್ಷ ಯೋನಸ್ ಲಾವೆಸನ್ ಪ್ರಕಟಿಸಿದ ಇನ್ನೊಂದು ಅಧ್ಯಯನ ಪೆಡಂಕುಲಾಟ ಕಾಡಿನಲ್ಲೂ ಇಂಥದೇ ಓರಗೆಯ ರಚನೆಯನ್ನು ಗುರುತಿಸಿದವು. ಇದರ ಪ್ರಕಾರ ಎಲ್ ನಿನೊ ಕೊಲೆಗಾರನಲ್ಲ, ಆಗಲೇ ಮುಪ್ಪಾದ ಕಾಡಿಗೆ ಬಂದ ಕೊನೆಯ ಪೆಟ್ಟು.

ಇತೊ ಇದಕ್ಕೆ ಸೇರಿಸಿದ ಒಂದು ಅಂಶ ಇಡೀ ಚರ್ಚೆಯಲ್ಲೇ ಅತ್ಯಂತ ಒಳನೋಟದ್ದು. ಭೂಖಂಡದ ಕಾಡುಗಳಲ್ಲಿ ಬಯಲು ನೆಲವನ್ನು ಮೊದಲು ಹಿಡಿಯುವ ಬಿಸಿಲುಪ್ರಿಯ, ಅಲ್ಪಾಯುಷಿ ಮರಗಳ ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ದೀರ್ಘಾಯುಷಿ ಮರಗಳು ಬಂದು, ಕೊನೆಗೆ ಅವೇ ಕಾಡಿನ ಒಡೆತನ ವಹಿಸುತ್ತವೆ. ಗಲಾಪಗೋಸ್‌ಗೆ ಅಂಥ ದೊಡ್ಡ ಬೀಜದ ದೀರ್ಘಾಯುಷಿ ಮರಗಳು ಬಂದು ತಲುಪಲೇ ಇಲ್ಲ. ಹೀಗಾಗಿ ಮೊದಲು ಬರುವ ಗಿಡವೇ ಕೊನೆಯದೂ ಆಯಿತು. ಕಳೆಗಿಡದ ಸ್ವಭಾವದ ಒಂದು ಸಸ್ಯ ಕಾಡುಮರದ ಸ್ಥಾನ ತುಂಬಿತು. ಪಾರ್ಥೇನಿಯಂ ಕೂಡ ಸೂರ್ಯಕಾಂತಿ ಬಳಗದ್ದೇ ಎಂಬುದನ್ನು ನೆನೆದರೆ ಈ ಸ್ವಭಾವ ಕರ್ನಾಟಕದ ಓದುಗರಿಗೆ ಅಪರಿಚಿತವೆನಿಸದು. ಪೆಡಂಕುಲಾಟದ ಸಸಿ ತಾಯಿಮರದ ನೆರಳಿನಲ್ಲಿ ಏಳಲಾರದು. ಅದಕ್ಕೆ ಬಿಸಿಲು ಬೇಕು, ಬಿಸಿಲಿಗೆ ಹಳೆಯ ಕಾಡು ಬೀಳಬೇಕು.

ಡೆನ್ಮಾರ್ಕಿನ ಓಲೆ ಹಾಮನ್ 1970ರ ದಶಕದ ಆರಂಭದಿಂದ ಗುರುತುಹಾಕಿದ ತುಂಡುಭೂಮಿಗಳಲ್ಲಿ ಮರಗಳನ್ನು ಎಣಿಸುತ್ತ ಬಂದರು. ಅವರ ದಾಖಲೆಗಳು ಸಾವನ್ನು ವಿಪತ್ತೆಂದು ತಿಳಿಯಬೇಕಿಲ್ಲ ಎಂಬ ಮೂರನೆಯ ನಿಲುವಿಗೆ ಬಲ ಕೊಟ್ಟಿವೆ: 1983ರ ನಂತರ ಸತ್ತ ಕಾಡಿನ ಅಡಿಯಿಂದ ಒತ್ತೊತ್ತಾಗಿ ಎದ್ದ ಸಸಿಗಳು ಕೆಲವೇ ವರ್ಷಗಳಲ್ಲಿ ಹೊಸ ಚಾವಣಿ ಕಟ್ಟಿದವು. ಆಗ ಹಲವರಿಗೆ ಚರ್ಚೆ ಮುಗಿದಂತೆಯೇ ತೋರಿತ್ತು. ಅದು ಮುಗಿದಿರಲಿಲ್ಲ.

ಮೈಸೂರಿನ ಹೆಸರಿನ ಮುಳ್ಳುಗಿಡ

ಮಂಜಿನ ಇಳಿಜಾರುಗಳಲ್ಲಿ ಮಣ್ಣು ಫಲವತ್ತಾದ್ದರಿಂದ ವಲಸೆಬಂದ ರೈತರು ನೆಲೆನಿಂತದ್ದೂ ಅಲ್ಲಿಯೇ. 1959ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಗುವ ಹೊತ್ತಿಗೆ ಸಾಂತಾ ಕ್ರೂಜ್‌ನ ಸ್ಕಲೇಸಿಯ ವಲಯದ ದೊಡ್ಡ ಪಾಲು ಹೊಲ, ಹುಲ್ಲುಗಾವಲುಗಳಾಗುವ ಹಾದಿಯಲ್ಲಿತ್ತು. ಇಂದು ಮೂಲ ಕಾಡಿನಲ್ಲಿ ಉಳಿದಿರುವುದು ನೂರಕ್ಕೆ ಒಂದರಿಂದ ಮೂರು ಪಾಲೆಂದು ಬೇರೆಬೇರೆ ಅಂದಾಜುಗಳು ಹೇಳುತ್ತವೆ. ಸಾಂಟಿಯಾಗೊ ದ್ವೀಪದಲ್ಲಿ ಕಾಡುಬಿದ್ದ ಮೇಕೆಗಳು ಸಸಿಗಳನ್ನೆಲ್ಲ ಮೇಯ್ದು ಅಟ್ರಾಕ್ಟಿಲಾಯ್ಡಿಸ್ ಪ್ರಭೇದವನ್ನು ಕೆಲವೇ ಗಿಡಗಳಿಗೆ ಇಳಿಸಿದ್ದವು. ಈ ಶತಮಾನದ ಮೊದಲ ದಶಕದಲ್ಲಿ ಸುಮಾರು 80,000 ಮೇಕೆಗಳನ್ನು ನಿರ್ಮೂಲ ಮಾಡಿದ ಮೇಲೆ ಅಲ್ಲಿನ ಸ್ಕಲೇಸಿಯ ಚೇತರಿಸಿಕೊಂಡಿದೆ. ಶತ್ರು ತೊಲಗಿದರೆ ಈ ಗಿಡಗಳು ಎಷ್ಟು ಬೇಗ ಮರಳುತ್ತವೆ ಎಂಬುದಕ್ಕೆ ಸಾಂಟಿಯಾಗೊ ಸಾಕ್ಷಿಯಾಗಿದೆ.

ಸಾಂತಾ ಕ್ರೂಜ್‌ನ ಶತ್ರು ಬೇರೆ ಬಗೆಯದು. ರೂಬಸ್ ನಿವಿಯಸ್ ಎಂಬ ಮುಳ್ಳುಪೊದೆ ಏಷ್ಯಾದ್ದು. ಹಿಮಾಲಯದಲ್ಲಿಯೂ ದಕ್ಷಿಣ ಭಾರತದ ಎತ್ತರದ ಗುಡ್ಡಗಳಲ್ಲಿಯೂ ಸಹಜವಾಗಿ ಬೆಳೆಯುತ್ತದೆ, ಇಂಗ್ಲಿಷಿನಲ್ಲಿ ಅದಕ್ಕೆ ಮೈಸೂರು ರಾಸ್‌ಬೆರಿ ಎಂಬ ಹೆಸರೇ ರೂಢಿಯಲ್ಲಿದೆ. ತನ್ನ ನಾಡಿನಲ್ಲಿ ಕಾಡಂಚಿನ ಒಂದು ಸಾಮಾನ್ಯ ಹಣ್ಣಿನ ಪೊದೆಯಾದ ಇದನ್ನು ಹಣ್ಣಿಗಾಗಿ 1960ರ ದಶಕದಲ್ಲಿ ಸಾನ್ ಕ್ರಿಸ್ಟೋಬಲ್‌ಗೆ ತರಲಾಯಿತು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಆಳೆತ್ತರ ಮೀರಿ ಹೆಣೆದುಕೊಳ್ಳುವ ಅದರ ಪೊದೆಯಡಿ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಮಣ್ಣಿನಲ್ಲಿ ಮೊಳೆಯದೆ ಕಾದಿರುವ ಬೀಜಗಳ ಸಂಚಯ ದೊಡ್ಡದಾದ್ದರಿಂದ ಒಮ್ಮೆ ಕಡಿದರೆ ಮತ್ತೆ ಚಿಗುರುತ್ತದೆ. ಬಿಸಿಲು ಬಿದ್ದಲ್ಲಿ ಮೊದಲು ಏಳುವುದು ಈವರೆಗೆ ಸ್ಕಲೇಸಿಯದ ಹಕ್ಕಾಗಿತ್ತು. ಈಗ ಆ ಹಕ್ಕು ಈ ಮುಳ್ಳುಗಿಡದ ಪಾಲಾಗಿದೆ.

ಹಾರ್ಹೆ ರೆಂಟೆರಿಯಾ ಮತ್ತು ಸಂಗಡಿಗರ 2012ರ ಅಧ್ಯಯನ ಮುಳ್ಳುಗಿಡ ದಟ್ಟವಾದಲ್ಲಿ ಸ್ಥಳೀಯ ಗಿಡಗಳು ಕುಗ್ಗುವುದನ್ನು ದಾಖಲಿಸಿತು. ಹೈಂಕೆ ಯೇಗರ್ ಅವರ ತಂಡ 2014ರಿಂದ ಲೋಸ್ ಹೆಮೆಲೋಸ್‌ನಲ್ಲಿ ಮುಳ್ಳುಗಿಡ ಕಿತ್ತ ಮತ್ತು ಕೀಳದೆ ಬಿಟ್ಟ ತುಂಡುಭೂಮಿಗಳನ್ನು ಹೋಲಿಸುತ್ತಿದೆ. ಕೀಳದೆ ಬಿಟ್ಟಲ್ಲಿ ಮುದಿಮರಗಳು ಸಾಯುತ್ತಿವೆ, ಹೊಸ ಸಸಿಗಳು ಮೇಲೇಳುತ್ತಿಲ್ಲ. ಹೀಗೇ ಬಿಟ್ಟರೆ ಎರಡು ದಶಕಗಳೊಳಗೆ ಅಲ್ಲಿನ ಕಾಡು ಇಲ್ಲವಾಗಬಹುದೆಂದು 2023ರಲ್ಲಿ ಆ ತಂಡ ಪ್ರಕಟಿಸಿದ ಲೆಕ್ಕಾಚಾರ ಎಚ್ಚರಿಸುತ್ತದೆ. ಇನ್ನೊಂದೆಡೆ, ಕೀಳುವ ಕೆಲಸವೂ ನಿರಪಾಯವಲ್ಲ. ಕಳೆನಾಶಕ ಸಿಂಪಡಿಸಿ ಪೊದೆ ತೆಗೆದ ಕೂಡಲೇ ಕೆಳಸ್ತರದ ಕೀಟಗಳು ತಗ್ಗಿ, ಅವನ್ನೇ ನೆಚ್ಚಿ ಮರಿಸಾಕುವ ಫಿಂಚ್‌ಗಳಿಗೆ ತೊಂದರೆಯಾಗುವುದನ್ನು ಪಕ್ಷಿವಿಜ್ಞಾನಿಗಳು ಗಮನಿಸಿದ್ದಾರೆ. ಆದ್ದರಿಂದ ಒಂದು ಪಕ್ಷ ಉಳಿದ ಕಾಡಿನ ಚೂರುಗಳಲ್ಲಿ ಕಿತ್ತು ಕಾಯುವುದನ್ನೇ ದಾರಿಯೆಂದರೆ, ಇನ್ನೊಂದು ಪಕ್ಷ ಮುಳ್ಳುಗಿಡದ ತವರಿನಿಂದ ಅದಕ್ಕೆ ಮಾತ್ರ ತಗಲುವ ರೋಗ ಅಥವಾ ಕೀಟವನ್ನು ಪರೀಕ್ಷಿಸಿ ತರದೆ ಶಾಶ್ವತ ಪರಿಹಾರವಿಲ್ಲ ಎನ್ನುತ್ತದೆ. ದ್ವೀಪಗಳಿಗೆ ಹೊಸ ಜೀವಿಯೊಂದನ್ನು ಬೇಕೆಂದೇ ಬಿಡುವುದರ ಭಯ ಸಹಜವೇ; ಆದರೆ ಕಿತ್ತುಹಾಕುವ ಕೂಲಿಯ ಹಣ ನಿಂತ ವರ್ಷವೇ ಗೆದ್ದ ನೆಲವೆಲ್ಲ ಕೈಬಿಟ್ಟು ಹೋಗುತ್ತದೆ ಎಂಬುದನ್ನು ನೆನೆದರೆ ಎರಡನೆಯ ಪಕ್ಷದ ವಾದಕ್ಕೆ ಹೆಚ್ಚು ತೂಕವಿದೆ.

ಇನ್ನೂ ಇತ್ಯರ್ಥವಾಗದ್ದು

ವರ್ಣತಂತುಗಳು ಇಮ್ಮಡಿಯಾದದ್ದು ಆಂಡೀಸ್‌ನಲ್ಲೋ ದ್ವೀಪಕ್ಕೆ ಬಂದ ಮೇಲೋ ಎಂಬುದು ತೀರ್ಮಾನವಾಗಿಲ್ಲ. ಭೂಖಂಡದಲ್ಲಿ 34 ಜೋಡಿಯ ನೆಂಟನೊಬ್ಬ ಸಿಕ್ಕಿದರೆ ವಲಸೆಯ ಕಾಲದ ಪ್ರಶ್ನೆಯೂ ಅದರೊಂದಿಗೆ ಬಗೆಹರಿದೀತು.

ಒಂಟಿಯಾಗಿ ಬಂದ ಗಿಡವೊಂದು ಜೊತೆಗಾರರಿಲ್ಲದ ದ್ವೀಪದಲ್ಲಿ ನೆಲೆಯೂರಬೇಕಾದರೆ ತನ್ನ ಪರಾಗದಿಂದಲೇ ತಾನು ಕಾಯಿಕಟ್ಟುವಂತಿರಬೇಕೆಂದು 1955ರಲ್ಲಿ ಹರ್ಬರ್ಟ್ ಬೇಕರ್ ವಾದಿಸಿದ್ದರು. ಅಫಿನಿಸ್ ಪ್ರಭೇದದಲ್ಲಿ ಸ್ವಂತ ಪರಾಗವನ್ನು ತಿರಸ್ಕರಿಸುವ ಗುಣ ಭಾಗಶಃ ಇಂದಿಗೂ ಉಳಿದಿರುವುದು ಆ ನಿಯಮಕ್ಕೆ ತೊಡಕಾಗಿದೆ. ಈ ಗುಣ ಉಳಿದ ಪ್ರಭೇದಗಳಲ್ಲಿ ಎಷ್ಟರಮಟ್ಟಿಗಿದೆ ಎಂಬುದು ಬರಿಯ ಸಿದ್ಧಾಂತದ ಕುತೂಹಲವಲ್ಲ, ಏಕೆಂದರೆ ಕೆಲವೇ ಗಿಡಗಳಿಗೆ ಇಳಿದ ತೋಪುಗಳು ಬೀಜ ಕಟ್ಟುತ್ತವೆಯೋ ಇಲ್ಲವೋ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಸಾನ್ ಕ್ರಿಸ್ಟೋಬಲ್‌ನ ನೆತ್ತಿಯ ಎಲ್ ಹುಂಕೊ ಕೊಳದ ಕೆಸರಿನ ಪದರಗಳನ್ನು ಓದಿದ ಪಾಲ್ ಕೊಲಿನ್ವೊ ಅವರು ಹಿಮಯುಗದ ಕೊನೆಯವರೆಗೆ ಆ ಕೊಳ ಒಣಗಿಯೇ ಇತ್ತೆಂದು ತೋರಿಸಿದ್ದರು. ಮಂಜೂ ಮಳೆಯೂ ಅಷ್ಟು ಕಡಿಮೆಯಿದ್ದ ಸಾವಿರಾರು ವರ್ಷ ತೇವಪ್ರಿಯ ಮರಪ್ರಭೇದಗಳು ಎಲ್ಲಿ ಉಳಿದುಕೊಂಡವು, ಅಥವಾ ಅವು ಪೊದೆಗಳಿಂದ ಮರಗಳಾದದ್ದೇ ಈಚಿನ ಮಾತೋ ಎಂಬ ಪ್ರಶ್ನೆಗೆ ಎರಡೂ ಚರ್ಚೆಗಳ ವಿದ್ವಾಂಸರು ಕೂಡಿ ಕುಳಿತರಷ್ಟೇ ಉತ್ತರ ಸಿಗಬಹುದು. ಬಿಸಿಯೇರುತ್ತಿರುವ ಕಡಲಿನ ಮೇಲೆ ಗರುವಾ ಮಂಜು ದಟ್ಟವಾಗುತ್ತದೆಯೋ ತೆಳುವಾಗುತ್ತದೆಯೋ ಎಂಬುದರಲ್ಲೂ ಒಮ್ಮತವಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು ಎರಡು ಅವಧಿಗಳ ಲೆಕ್ಕ: ಮುಳ್ಳುಗಿಡದ ಬೀಜಸಂಚಯ ಮಣ್ಣಿನಲ್ಲಿ ಬರಿದಾಗಲು ಎಷ್ಟು ವರ್ಷ ಬೇಕು, ಮತ್ತು ಲೋಸ್ ಹೆಮೆಲೋಸ್‌ನಲ್ಲಿ ಈಗ ನಿಂತಿರುವ ಪೆಡಂಕುಲಾಟ ಮರಗಳಿಗೆ ಇನ್ನೆಷ್ಟು ವರ್ಷದ ಆಯುಷ್ಯವಿದೆ. ಮೊದಲನೆಯದು ಎರಡನೆಯದಕ್ಕಿಂತ ದೀರ್ಘವಾಗಿದ್ದರೆ, ಕಾಡನ್ನು ಉಳಿಸಲು ಬೀಜ ಸಂಗ್ರಹಿಸಿ ಸಸಿಮಡಿಗಳಲ್ಲಿ ಬೆಳೆಸಿ ನೆಡುವ ಕೆಲಸ ಈಗಿನ ಮರಗಳು ಹೂಬಿಡುತ್ತಿರುವಾಗಲೇ ನಡೆಯಬೇಕಾಗುತ್ತದೆ.